ಕ್ಲೌಡ್ ಸೇವೆಯಲ್ಲಿ ನೈಜ ವೇದಿಕೆ ಎಂದರೆ ಯಾವುದು?

ಆನ್‌ಲೈನ್ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ಪಿಂಚಣಿ, ವಿದ್ಯಾರ್ಥಿವೇತನ ಮೊದಲಾದ ಸೇವೆಗಳಿಗೆ ಇಂದು ಅರ್ಜಿಗಳನ್ನು ಬಹುಮಟ್ಟಿಗೆ ಅಂತರ್ಜಾಲದ ಮೂಲಕವೇ ಸ್ವೀಕರಿಸಲಾಗುತ್ತಿದೆ. ಈ ಸೇವೆಗಳ ಪ್ರಕಟಣೆಗಳಲ್ಲಿ 'ಕ್ಲೌಡ್' ಮತ್ತು 'ಪ್ಲಾಟ್‌ಫಾರ್ಮ್' ಎಂಬ ಎರಡು ಪದಗಳು ಪದೇಪದೇ ಕಾಣಿಸಿಕೊಳ್ಳುತ್ತವೆ. ಬಾಡಿಗೆಯ ಸರ್ವರ್‌ನಲ್ಲಿ ಇರಿಸಿದ ಯಾವುದೇ ತಂತ್ರಾಂಶವನ್ನು ಪ್ಲಾಟ್‌ಫಾರ್ಮ್, ಅಂದರೆ ವೇದಿಕೆ, ಎಂದು ಕರೆಯುವ ರೂಢಿಯೂ ಬೆಳೆದಿದೆ. ಆದರೆ ಅವೆಲ್ಲವೂ ನೈಜ ವೇದಿಕೆಗಳಲ್ಲ.

ಈ ವ್ಯತ್ಯಾಸವು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಒಂದು ಕಛೇರಿಯು ನೀಡಿದ ಪ್ರಮಾಣ ಪತ್ರವನ್ನು ಇನ್ನೊಂದು ಕಛೇರಿಗೆ ಅರ್ಜಿದಾರರೇ ಹೊತ್ತೊಯ್ಯಬೇಕೇ ಬೇಡವೇ, ಒಂದು ದಿನದ ಕೂಲಿಯನ್ನು ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕೇ ಬೇಡವೇ ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನೇ ಅವಲಂಬಿಸಿದೆ. ಆದ್ದರಿಂದ ನೈಜ ವೇದಿಕೆಯ ಲಕ್ಷಣಗಳನ್ನು ಕರ್ನಾಟಕದ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ಕ್ಲೌಡ್ ಕಂಪ್ಯೂಟಿಂಗ್ ಎಂದರೇನು?

ಹಿಂದೆ ಪ್ರತಿಯೊಂದು ಕಛೇರಿಯೂ ತನ್ನದೇ ಸರ್ವರ್, ತನ್ನದೇ ತಂತ್ರಾಂಶ ಮತ್ತು ತನ್ನದೇ ನಿರ್ವಹಣಾ ಸಿಬ್ಬಂದಿಯನ್ನು ಹೊಂದಿರಬೇಕಾಗಿತ್ತು. ಕ್ಲೌಡ್ ವ್ಯವಸ್ಥೆಯಲ್ಲಿ ಈ ಸಾಮರ್ಥ್ಯವನ್ನು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಒಟ್ಟುಗೂಡಿಸಿ, ಅಗತ್ಯವುಳ್ಳವರಿಗೆ ಅಗತ್ಯವಿರುವಷ್ಟನ್ನು ಜಾಲದ ಮೂಲಕ ಒದಗಿಸಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವ್ಯಾಖ್ಯೆಯು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಪ್ರಕಾರ ಕ್ಲೌಡ್ ಸೇವೆಗೆ ಈ ಕೆಳಕಂಡ ಐದು ಲಕ್ಷಣಗಳಿರಬೇಕು:

1. ಬಳಕೆದಾರರು ಬೇಕಾದಾಗ ತಾವೇ ಸೇವೆಯನ್ನು ಪಡೆದುಕೊಳ್ಳುವಂತಿರಬೇಕು.
2. ಸಾಮಾನ್ಯ ಉಪಕರಣಗಳಿಂದ ಜಾಲದ ಮೂಲಕ ತಲುಪುವಂತಿರಬೇಕು.
3. ಸಂಪನ್ಮೂಲಗಳು ಒಂದೆಡೆ ಕ್ರೋಢೀಕೃತವಾಗಿದ್ದು ಅನೇಕರಿಗೆ ಹಂಚಿಕೆಯಾಗಬೇಕು.
4. ಬೇಡಿಕೆ ಏರಿದಾಗ ಸಾಮರ್ಥ್ಯವು ಶೀಘ್ರವಾಗಿ ಹಿಗ್ಗಬೇಕು, ಇಳಿದಾಗ ಕುಗ್ಗಬೇಕು.
5. ಮನೆಯ ವಿದ್ಯುತ್ ಮೀಟರ್‌ನಂತೆ, ಬಳಕೆಯನ್ನು ಅಳೆದು ಲೆಕ್ಕವಿಡಬೇಕು.

ಭಾರತ ಸರ್ಕಾರವು 'ಮೇಘರಾಜ್' ಎಂಬ ಹೆಸರಿನಲ್ಲಿ ಸರ್ಕಾರಿ ಕ್ಲೌಡ್ ಉಪಕ್ರಮವನ್ನು ರೂಪಿಸಿದ್ದು, ಅದರ ಅಂಗವಾಗಿ ರಾಷ್ಟ್ರೀಯ ಮಾಹಿತಿ ಕೇಂದ್ರದ ರಾಷ್ಟ್ರೀಯ ಕ್ಲೌಡ್ 2014ರ ಫೆಬ್ರವರಿಯಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ರಾಜ್ಯ ದತ್ತಾಂಶ ಕೇಂದ್ರ ಮತ್ತು ಅದನ್ನು ಜಿಲ್ಲೆ ಹಾಗೂ ತಾಲ್ಲೂಕು ಕಛೇರಿಗಳಿಗೆ ಜೋಡಿಸುವ ರಾಜ್ಯ ವ್ಯಾಪಕ ಜಾಲವು ಇಲಾಖೆಗಳ ಆನ್‌ಲೈನ್ ಸೇವೆಗಳಿಗೆ ಆಧಾರವಾಗಿವೆ.

ಕ್ಲೌಡ್ ಸೇವೆಯ ಮೂರು ಸ್ತರಗಳು

ಮೇಲ್ಕಂಡ ವ್ಯಾಖ್ಯೆಯು ಕ್ಲೌಡ್ ಸೇವೆಗಳನ್ನು ಮೂಲಸೌಕರ್ಯ, ವೇದಿಕೆ ಮತ್ತು ಸಿದ್ಧ ತಂತ್ರಾಂಶ ಎಂದು ಮೂರು ಸ್ತರಗಳಾಗಿ ವಿಂಗಡಿಸುತ್ತದೆ. ತುಮಕೂರು ತಾಲ್ಲೂಕಿನ ಹಿರೇಹಳ್ಳಿಯಂತಹ ಕೈಗಾರಿಕಾ ಪ್ರದೇಶವನ್ನು ಕಂಡವರಿಗೆ ಈ ವಿಂಗಡಣೆಯು ಸುಲಭವಾಗಿ ಅರ್ಥವಾಗುತ್ತದೆ.

ಅ) ಮೂಲಸೌಕರ್ಯ: ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ರಸ್ತೆ ಮುಂತಾದ ಸೌಲಭ್ಯಗಳುಳ್ಳ ನಿವೇಶನಗಳನ್ನು ಉದ್ಯಮಿಗಳಿಗೆ ಹಂಚಿಕೆ ಮಾಡುತ್ತದೆ. ಕಟ್ಟಡ, ಯಂತ್ರ, ಕಾವಲು ಎಲ್ಲವೂ ಉದ್ಯಮಿಯ ಹೊಣೆ. ಅದರಂತೆಯೇ ಮೂಲಸೌಕರ್ಯ ಸ್ತರದಲ್ಲಿ ಸರ್ವರ್, ಸಂಗ್ರಹಣೆ ಮತ್ತು ಜಾಲ ಮಾತ್ರ ದೊರೆಯುತ್ತವೆ.

ಆ) ವೇದಿಕೆ: ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವು ಕೈಗಾರಿಕಾ ವಸಾಹತುಗಳಲ್ಲಿ ಶೆಡ್‌ಗಳನ್ನು ಕಟ್ಟಿಸಿ ಸಣ್ಣ ಉದ್ಯಮಿಗಳಿಗೆ ನೀಡುತ್ತದೆ. ಉದ್ಯಮಿಯು ತನ್ನ ಯಂತ್ರವನ್ನು ತಂದು ಕೆಲಸವನ್ನು ಆರಂಭಿಸಬಹುದು. ಶೆಡ್ಡಿನಲ್ಲಿ ಏನನ್ನು ತಯಾರಿಸಬೇಕೆಂಬುದು ಉದ್ಯಮಿಯ ನಿರ್ಧಾರ. ವೇದಿಕೆ ಸ್ತರದ ಕ್ಲೌಡ್ ಸೇವೆಯೂ ಹೀಗೆಯೇ: ಸರ್ವರ್ ನಿರ್ವಹಣೆ, ಭದ್ರತೆ, ದತ್ತಸಂಚಯ ಇವೆಲ್ಲ ಸಿದ್ಧವಾಗಿರುತ್ತವೆ, ಬಳಕೆದಾರರು ತಮ್ಮ ಸೇವೆಯನ್ನು ಅದರ ಮೇಲೆ ನಿರ್ಮಿಸುತ್ತಾರೆ.

ಇ) ಸಿದ್ಧ ತಂತ್ರಾಂಶ: ಶೆಡ್ಡಿನಿಂದ ಹೊರಬಂದ ಸರಕನ್ನು ಕೊಳ್ಳುವಂತೆ, ಇಲ್ಲಿ ಪೂರ್ಣಗೊಂಡ ಸೇವೆಯನ್ನು ನೇರವಾಗಿ ಬಳಸಲಾಗುತ್ತದೆ. ಇಮೇಲ್ ಇದಕ್ಕೆ ಪರಿಚಿತ ಉದಾಹರಣೆ.

ನಿವೇಶನವನ್ನು ಕೊಟ್ಟು ಶೆಡ್ ಎನ್ನುವಂತಿಲ್ಲ. ಸರಕನ್ನು ಮಾರಿ ಶೆಡ್ ಕೊಟ್ಟೆವೆನ್ನುವಂತಿಲ್ಲ. ಆದರೆ ಕ್ಲೌಡ್ ಸೇವೆಗಳ ಪ್ರಚಾರದಲ್ಲಿ ಈ ಎರಡು ಗೊಂದಲಗಳೂ ಸಾಮಾನ್ಯವಾಗಿವೆ.

ನೈಜ ವೇದಿಕೆಯ ಲಕ್ಷಣಗಳು

ಯಾವುದೇ ಕ್ಲೌಡ್ ಸೇವೆಯನ್ನು ವೇದಿಕೆಯೆಂದು ಒಪ್ಪುವ ಮೊದಲು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಬೇಕಾಗುತ್ತದೆ.

1. ಅದರ ಮೇಲೆ ಇತರರು ನಿರ್ಮಿಸಲು ಸಾಧ್ಯವಿರಬೇಕು. ಇದು ಪ್ರಧಾನ ಲಕ್ಷಣ. ವೇದಿಕೆಯನ್ನು ರೂಪಿಸಿದವರು ಊಹಿಸಿರದ ಹೊಸ ಸೇವೆಯನ್ನೂ ಬೇರೊಬ್ಬರು ಅದರ ಮೇಲೆ ಕಟ್ಟುವಂತಿರಬೇಕು. ಪ್ರತಿಯೊಂದು ಬದಲಾವಣೆಗೂ ಮೂಲ ತಯಾರಕರನ್ನೇ ಕಾಯಬೇಕಾದರೆ ಅದು ತಂತ್ರಾಂಶವೇ ಹೊರತು ವೇದಿಕೆಯಲ್ಲ.

2. ಸಾಮಾನ್ಯ ಅಂಗಗಳು ಒಮ್ಮೆ ಸಿದ್ಧವಾಗಿ ಎಲ್ಲರಿಗೂ ದೊರೆಯಬೇಕು. ಗುರುತಿನ ಪರಿಶೀಲನೆ, ಶುಲ್ಕ ಪಾವತಿ, ಡಿಜಿಟಲ್ ಸಹಿ, ಮೊಬೈಲ್ ಸಂದೇಶ ಇವು ಪ್ರತಿಯೊಂದು ಸೇವೆಗೂ ಬೇಕಾಗುತ್ತವೆ. ಪ್ರತಿಯೊಂದು ಇಲಾಖೆಯೂ ಇವನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಬಾರದು.

3. ಪ್ರಕಟಿತ ಸಂಪರ್ಕ ದ್ವಾರಗಳಿರಬೇಕು. ಒಂದು ತಂತ್ರಾಂಶವು ಇನ್ನೊಂದನ್ನು ನಿಯಮಬದ್ಧವಾಗಿ ಪ್ರಶ್ನಿಸಿ ಉತ್ತರ ಪಡೆಯುವ ಮಾರ್ಗವನ್ನು ತಾಂತ್ರಿಕರು ಎಪಿಐ ಎನ್ನುತ್ತಾರೆ. ಭಾರತ ಸರ್ಕಾರವು ಮುಕ್ತ ಎಪಿಐ ನೀತಿಯನ್ನು 2015ರಲ್ಲಿ ಪ್ರಕಟಿಸಿದೆ.

4. ಅನೇಕ ಬಳಕೆದಾರರು ಒಂದೇ ವ್ಯವಸ್ಥೆಯಲ್ಲಿದ್ದರೂ ಒಬ್ಬರ ದತ್ತಾಂಶವು ಅನುಮತಿಯಿಲ್ಲದೆ ಇನ್ನೊಬ್ಬರಿಗೆ ಗೋಚರಿಸಬಾರದು. ಒಂದೇ ವಸಾಹತಿನ ಶೆಡ್‌ಗಳಾದರೂ ಪ್ರತಿಯೊಂದಕ್ಕೂ ಬೇರೆ ಬೀಗವಿರುವಂತೆ.

5. ಬೇಡಿಕೆಗೆ ತಕ್ಕಂತೆ ತಾನಾಗಿಯೇ ಹಿಗ್ಗಬೇಕು. ಸರ್ವರ್ ಸೇರಿಸಲು ಹೊಸ ಖರೀದಿ ಆದೇಶವನ್ನು ಹೊರಡಿಸಿ ತಿಂಗಳುಗಟ್ಟಲೆ ಕಾಯಬೇಕಾದರೆ ಕ್ಲೌಡ್ ಎಂಬ ಹೆಸರು ಸಲ್ಲದು.

6. ಹೊರಹೋಗಲು ದಾರಿಯಿರಬೇಕು. ದತ್ತಾಂಶ ಮತ್ತು ಸೇವೆಯನ್ನು ಬೇರೆ ಕಡೆಗೆ ಕೊಂಡೊಯ್ಯಲು ಸಾಧ್ಯವಿರಬೇಕು.

ಕೊನೆಯ ಲಕ್ಷಣದ ಮಹತ್ವವನ್ನು ಕನ್ನಡ ಬೆರಳಚ್ಚಿನ ಇತಿಹಾಸದಿಂದಲೇ ಅರಿಯಬಹುದು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವನ್ನು, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಮಾಹಿತಿ ಇತ್ತು, ಆದರೆ ಅದು ಒಂದು ತಂತ್ರಾಂಶದೊಳಗೆ ಸೆರೆಯಾಗಿತ್ತು. ಯೂನಿಕೋಡ್ ಎಂಬ ಮುಕ್ತ ಮಾನಕವು ಬಂದ ನಂತರ ಕನ್ನಡ ಪಠ್ಯವು ಯಾವ ಉಪಕರಣದಲ್ಲಿಯಾದರೂ ಓದುವಂತಾಯಿತು. ಕ್ಲೌಡ್ ಸೇವೆಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಇ-ಆಡಳಿತದಲ್ಲಿ ಮುಕ್ತ ಮಾನಕಗಳ ನೀತಿಯನ್ನು ಭಾರತ ಸರ್ಕಾರವು 2010ರಲ್ಲಿಯೇ ಪ್ರಕಟಿಸಿರುವುದು ಈ ಕಾರಣದಿಂದಲೇ.

ಜಗತ್ತಿನಲ್ಲಿ ಬೆಳೆದುಬಂದ ಬಗೆ

ಅಮೆಜಾನ್ ಸಂಸ್ಥೆಯು 2006ರಲ್ಲಿ ಸಂಗ್ರಹಣೆ ಮತ್ತು ಸರ್ವರ್‌ಗಳನ್ನು ಬಾಡಿಗೆಗೆ ನೀಡಲಾರಂಭಿಸಿತು. ಇದು ನಿವೇಶನ ಹಂಚಿಕೆಯ ಹಂತ. ಗೂಗಲ್ ಸಂಸ್ಥೆಯು 2008ರ ಏಪ್ರಿಲ್‌ನಲ್ಲಿ ಆ್ಯಪ್ ಎಂಜಿನ್ ಎಂಬ ಸೇವೆಯನ್ನು ಪ್ರಕಟಿಸಿತು. ಇದರಲ್ಲಿ ಸರ್ವರ್ ಚಿಂತೆಯಿಲ್ಲದೆ ಕಾರ್ಯಕ್ರಮವನ್ನು ಬರೆದು ಇರಿಸಿದರೆ ಸಾಕಾಗಿತ್ತು. ಇದು ಶೆಡ್ಡಿನ ಹಂತ. ಆದರೆ ಆರಂಭದಲ್ಲಿ ಪೈಥಾನ್ ಎಂಬ ಒಂದೇ ಭಾಷೆಗೆ ಅವಕಾಶವಿತ್ತು, ದತ್ತಸಂಚಯವೂ ಆ ಸಂಸ್ಥೆಯದೇ ವಿಶಿಷ್ಟ ಮಾದರಿಯದಾಗಿತ್ತು. ಹೀಗಾಗಿ ಅದರಲ್ಲಿ ಕಟ್ಟಿದ್ದನ್ನು ಬೇರೆಡೆಗೆ ಸಾಗಿಸುವುದು ಕಷ್ಟವಾಗಿತ್ತು. ನಂತರ 2011ರಲ್ಲಿ ಕ್ಲೌಡ್ ಫೌಂಡ್ರಿ, 2014ರಲ್ಲಿ ಕುಬರ್‌ನೆಟೀಸ್ ಮೊದಲಾದ ಮುಕ್ತ ಆಕರ ತಂತ್ರಾಂಶಗಳು ಬಂದು, ಒಂದೆಡೆ ಕಟ್ಟಿದ ಸೇವೆಯನ್ನು ಇನ್ನೊಂದೆಡೆ ನಡೆಸುವುದನ್ನು ಬಹಳಷ್ಟು ಸುಲಭಗೊಳಿಸಿದವು.

ಕರ್ನಾಟಕದ ಅನುಭವ

ಮೇಲೆ ಹೇಳಿದ ಲಕ್ಷಣಗಳು ತಂತ್ರಜ್ಞರು ಬಳಸುವ ವೇದಿಕೆಗೆ ಸಂಬಂಧಿಸಿದವು. ಸಾರ್ವಜನಿಕ ಸೇವೆಯ ವ್ಯವಸ್ಥೆಗೂ ಅದೇ ಅಳತೆಗೋಲನ್ನು ಹಿಡಿಯಬಹುದು: ಇತರ ಇಲಾಖೆಗಳು ಅದರ ಮೇಲೆ ತಮ್ಮ ಸೇವೆಯನ್ನು ಕಟ್ಟಬಲ್ಲವೇ?

ಅ) ಭೂಮಿ: ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ಕಂದಾಯ ಇಲಾಖೆಯು ರೂಪಿಸಿದ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆರಂಭದ ವರ್ಷಗಳಲ್ಲಿ ಪ್ರತಿಯೊಂದು ತಾಲ್ಲೂಕಿನ ದತ್ತಾಂಶವು ಆಯಾ ತಾಲ್ಲೂಕು ಕಛೇರಿಯ ಸರ್ವರ್‌ನಲ್ಲಿಯೇ ಇತ್ತು. ಹಿರೇಹಳ್ಳಿಯ ರೈತರಿಗೆ ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನಲ್ಲಿ ಜಮೀನಿದ್ದಲ್ಲಿ, 15 ರೂಪಾಯಿಯ ಪಹಣಿಗಾಗಿ ಆ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕಾಗಿತ್ತು. ಕೈಬರಹದ ಪಹಣಿ ಹೋಗಿ ಮುದ್ರಿತ ಪಹಣಿ ಬಂದದ್ದು ದೊಡ್ಡ ಸುಧಾರಣೆಯೇ ಆಗಿದ್ದರೂ, ಅದು ಒಂದು ತಂತ್ರಾಂಶವಾಗಿತ್ತು. ದತ್ತಾಂಶವನ್ನು ಕೇಂದ್ರೀಕರಿಸಿ, ಇತರ ವ್ಯವಸ್ಥೆಗಳು ಅದನ್ನು ಪ್ರಶ್ನಿಸುವಂತೆ ಮಾಡಿದ ನಂತರ ಅದು ವೇದಿಕೆಯ ಸ್ವರೂಪವನ್ನು ಪಡೆಯಿತು.

ಆ) ನಾಡಕಚೇರಿ: ಹೋಬಳಿ ಮಟ್ಟದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಲ್ಲಿ ನೀಡಲಾಗುವ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಮೇಲೆ ಆರ್.ಡಿ. ಸಂಖ್ಯೆ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯು ಈ ಸಂಖ್ಯೆಯನ್ನು ನಮೂದಿಸಿದರೆ, ಪ್ರಮಾಣ ಪತ್ರದ ವಿವರವನ್ನು ಗಣಕವೇ ತಾಳೆ ನೋಡುತ್ತದೆ. ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಜಿಯಲ್ಲಿ ಮೀಸಲಾತಿಯನ್ನು ಪರಿಶೀಲಿಸಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಇದೇ ಸಂಖ್ಯೆಯನ್ನು ಬಳಸುತ್ತದೆ. ಪ್ರಮಾಣ ಪತ್ರ ನೀಡಿದ ಕಛೇರಿ ಒಂದು, ಅದನ್ನು ಬಳಸುವ ಸಂಸ್ಥೆಗಳು ಹಲವು. ನಡುವೆ ಜೆರಾಕ್ಸ್ ಪ್ರತಿಯನ್ನು ಹೊತ್ತು ತಿರುಗುವ ಅಗತ್ಯವು ಕಡಿಮೆಯಾಯಿತು.

ಇ) ಫ್ರೂಟ್ಸ್: ರೈತರ ನೋಂದಣಿ ಮತ್ತು ಏಕೀಕೃತ ಫಲಾನುಭವಿ ಮಾಹಿತಿ ವ್ಯವಸ್ಥೆಯು ಫ್ರೂಟ್ಸ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಇದರಲ್ಲಿ ನೋಂದಾಯಿಸಿದ ರೈತರಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ದೊರೆಯುತ್ತದೆ. ಆಧಾರ್, ಬ್ಯಾಂಕ್ ಖಾತೆ ಮತ್ತು ಭೂಮಿ ದತ್ತಾಂಶದ ಸರ್ವೆ ನಂಬರುಗಳು ಅದಕ್ಕೆ ಜೋಡಣೆಯಾಗುತ್ತವೆ. ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಪಾಲನೆ ಮುಂತಾದ ಇಲಾಖೆಗಳು ಸಹಾಯಧನಕ್ಕಾಗಿ ಇದೇ ಸಂಖ್ಯೆಯನ್ನು ಬಳಸುತ್ತವೆ. ಬೆಂಬಲ ಬೆಲೆಯಲ್ಲಿ ರಾಗಿಯನ್ನು ಖರೀದಿಸುವಾಗಲೂ ಇದೇ ಸಂಖ್ಯೆ ಬೇಕಾಗುತ್ತದೆ.

ಬೆಳೆ ಸಾಲದ ವಿಷಯದಲ್ಲಿ ಇದರ ಪರಿಣಾಮವು ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಸಾಲಗಾರ ರೈತರು ಘೋಷಣಾ ಪತ್ರವನ್ನು ಹಿಡಿದು ಉಪ ನೋಂದಣಾಧಿಕಾರಿಗಳ ಕಛೇರಿಗೆ ಹೋಗಿ, ನಂತರ ಪಹಣಿಯ 11ನೇ ಕಲಂನಲ್ಲಿ ಋಣಭಾರ ದಾಖಲಾಗುವುದನ್ನು ಕಾಯಬೇಕಾಗಿತ್ತು. ಈಗ ಬ್ಯಾಂಕು ಫ್ರೂಟ್ಸ್ ಮೂಲಕ ಘೋಷಣೆಯನ್ನು ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ ಪಹಣಿಯಲ್ಲಿ ಅದು ದಾಖಲಾಗುತ್ತದೆ. ಭೂಮಿ ತಂತ್ರಾಂಶವನ್ನು ಮೊದಲು ರೂಪಿಸಿದ ಉದ್ದೇಶ ಪಹಣಿ ನೀಡುವುದು. ಅದರ ಮೇಲೆ ಸಾಲ, ಸಹಾಯಧನ ಮತ್ತು ಬೆಳೆ ಪರಿಹಾರಗಳ ವ್ಯವಸ್ಥೆಗಳು ನಿಂತಿವೆ. 2023ರ ಬರಗಾಲದ ಬೆಳೆ ಹಾನಿ ಪರಿಹಾರವನ್ನು ರೈತರ ಬ್ಯಾಂಕ್ ಖಾತೆಗಳಿಗೆ ನೇರವಾಗಿ ಪಾವತಿಸಲು ಫ್ರೂಟ್ಸ್ ದತ್ತಾಂಶವೇ ಆಧಾರವಾಯಿತು.

ಈ) ಸೇವಾ ಸಿಂಧು: ವಿವಿಧ ಇಲಾಖೆಗಳ ಸೇವೆಗಳನ್ನು ಒಂದೇ ಜಾಲತಾಣದಲ್ಲಿ ಒದಗಿಸುವ ಸೇವಾ ಸಿಂಧು ವ್ಯವಸ್ಥೆಯನ್ನು, ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ವೀಸ್‌ಪ್ಲಸ್ ಎಂಬ ಚೌಕಟ್ಟಿನ ಮೇಲೆ ಕಟ್ಟಲಾಯಿತು. ಸರ್ವೀಸ್‌ಪ್ಲಸ್‌ನಲ್ಲಿ ಹೊಸ ಸೇವೆಗಾಗಿ ಹೊಸ ತಂತ್ರಾಂಶವನ್ನು ಬರೆಯಬೇಕಾಗಿಲ್ಲ. ಅರ್ಜಿ ನಮೂನೆಯಲ್ಲಿ ಏನಿರಬೇಕು, ಯಾವ ದಾಖಲೆಗಳು ಬೇಕು, ಶುಲ್ಕ ಎಷ್ಟು, ಅರ್ಜಿಯು ಯಾವ ಅಧಿಕಾರಿಯಿಂದ ಯಾವ ಅಧಿಕಾರಿಗೆ ಹೋಗಬೇಕು, ಅಂತಿಮ ಪ್ರಮಾಣ ಪತ್ರ ಹೇಗಿರಬೇಕು ಎಂಬುದನ್ನು ನಿರೂಪಿಸಿದರೆ ಸೇವೆಯು ಸಿದ್ಧವಾಗುತ್ತದೆ. ಮೇಲಿನ ನಾಲ್ಕು ಉದಾಹರಣೆಗಳಲ್ಲಿ ಕ್ಲೌಡ್ ವೇದಿಕೆಯ ವ್ಯಾಖ್ಯೆಗೆ ಅತ್ಯಂತ ಸಮೀಪವಾದುದು ಇದೇ.

ಸಾಮರ್ಥ್ಯ ಹಿಗ್ಗುವ ಪರೀಕ್ಷೆಗೂ ಸೇವಾ ಸಿಂಧು ಒಳಪಟ್ಟಿತು. ಗೃಹಜ್ಯೋತಿ ಯೋಜನೆಯ ನೋಂದಣಿಯು 2023ರ ಜೂನ್ 18ರಂದು ಈ ವ್ಯವಸ್ಥೆಯಲ್ಲಿ ಆರಂಭವಾದಾಗ, ರಾಜ್ಯದ ಗೃಹ ವಿದ್ಯುತ್ ಗ್ರಾಹಕರು ಏಕಕಾಲದಲ್ಲಿ ಅರ್ಜಿ ಸಲ್ಲಿಸಲು ಮುಂದಾದರು. ಮೊದಲ ದಿನಗಳಲ್ಲಿ ದಟ್ಟಣೆಯಿಂದ ಜಾಲತಾಣ ನಿಧಾನವಾದುದು ವ್ಯಾಪಕವಾಗಿ ವರದಿಯಾಯಿತು. ಸೇವೆಯನ್ನು ಶೀಘ್ರವಾಗಿ ಸಿದ್ಧಪಡಿಸುವುದು ವೇದಿಕೆಯ ಒಂದು ಗುಣವಾದರೆ, ಲಕ್ಷಾಂತರ ಜನರು ಒಂದೇ ಬೆಳಿಗ್ಗೆ ಬಂದರೂ ನಿಲ್ಲದಿರುವುದು ಅಷ್ಟೇ ಮುಖ್ಯವಾದ ಇನ್ನೊಂದು ಗುಣವೆಂಬುದನ್ನು ಈ ಸಂದರ್ಭವು ತೋರಿಸಿಕೊಟ್ಟಿತು.

ವೇದಿಕೆಯ ಇನ್ನೊಂದು ಮುಖ

ನೈಜ ವೇದಿಕೆಯು ಅನುಕೂಲವನ್ನು ಹಂಚುವಂತೆಯೇ ದೋಷವನ್ನೂ ಹಂಚುತ್ತದೆ. ಕಛೇರಿಗಳು ಪ್ರತ್ಯೇಕವಾಗಿದ್ದಾಗ ಒಂದು ಕಡೆಯ ತಪ್ಪು ಅಲ್ಲಿಗೇ ಸೀಮಿತವಾಗಿತ್ತು. ದತ್ತಾಂಶವು ಜೋಡಣೆಯಾದ ಮೇಲೆ ಮೂಲದಲ್ಲಿನ ಒಂದು ಅಕ್ಷರದ ವ್ಯತ್ಯಾಸವೂ ಎಲ್ಲ ಸೇವೆಗಳಿಗೂ ಅಡ್ಡಿಯಾಗಬಹುದು.

ಇದಕ್ಕೆ ಗ್ರಾಮೀಣ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಉದಾಹರಣೆ ಪೌತಿ ಖಾತೆಯದು. ಮೊಮ್ಮಕ್ಕಳು ಉಳುಮೆ ಮಾಡುತ್ತಿದ್ದರೂ ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿರುತ್ತದೆ. ಕಾಗದದ ಕಾಲದಲ್ಲಿ ಸ್ಥಳೀಯ ಅಧಿಕಾರಿಗಳ ತಿಳಿವಳಿಕೆಯಿಂದ ಕೆಲವು ಕೆಲಸಗಳು ನಡೆಯುತ್ತಿದ್ದವು. ಗಣಕವು ಅಜ್ಜನ ಹೆಸರನ್ನು ಮೊಮ್ಮಗನ ಆಧಾರ್‌ನೊಂದಿಗೆ ಹೋಲಿಸಿ, ಹೊಂದದಿದ್ದರೆ ನಿಲ್ಲಿಸಿಬಿಡುತ್ತದೆ. ಆ ಸರ್ವೆ ನಂಬರು ಎಫ್‌ಐಡಿಗೆ ಸೇರುವುದಿಲ್ಲ. ಸೇರದಿದ್ದರೆ ಬೆಂಬಲ ಬೆಲೆ, ಪರಿಹಾರ ಎರಡೂ ಕೈತಪ್ಪುವ ಸಂಭವವಿರುತ್ತದೆ. ವೇದಿಕೆಯು ಎಷ್ಟು ಉತ್ತಮವಾಗಿದ್ದರೂ ಮೂಲ ದಾಖಲೆಯ ಲೋಪವನ್ನು ತಾನಾಗಿ ಸರಿಪಡಿಸಲಾರದು.

ಎರಡನೆಯದು ಖಾಸಗಿತನದ ವಿಷಯ. ಇಲಾಖೆಗಳ ನಡುವೆ ಮಾಹಿತಿಯು ಹರಿಯುವಾಗ ಅದು ಯಾವ ಉದ್ದೇಶಕ್ಕೆ ಬಳಕೆಯಾಗುತ್ತಿದೆ ಎಂಬುದು ನಾಗರಿಕರಿಗೆ ತಿಳಿದಿರಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಈ ದಿಕ್ಕಿನಲ್ಲಿ ರಚಿತವಾದ ಕಾನೂನು.

ಮೂರನೆಯದು ಉತ್ತರದಾಯಿತ್ವ. ಹಲವು ಕಛೇರಿಗಳ ವ್ಯವಸ್ಥೆಗಳು ಒಂದಾದಾಗ, ಅರ್ಜಿ ನಿಂತರೆ ಯಾರನ್ನು ಕೇಳಬೇಕೆಂಬುದು ಅಸ್ಪಷ್ಟವಾಗಬಾರದು. 2011ರ ಅಧಿನಿಯಮದ ಮೇರೆಗೆ 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ 11 ಇಲಾಖೆಗಳ 151 ಸೇವೆಗಳೊಂದಿಗೆ ಜಾರಿಗೆ ಬಂದ ಸಕಾಲ ವ್ಯವಸ್ಥೆಯು ಇದಕ್ಕೆ ಒಂದು ಉತ್ತರ. ಪ್ರತಿಯೊಂದು ಅರ್ಜಿಗೂ ಒಂದು ಸಂಖ್ಯೆ, ಪ್ರತಿಯೊಂದು ಸೇವೆಗೂ ಒಂದು ಕಾಲಮಿತಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ವೆಚ್ಚ ಎಂಬುದು ಇದರ ಸ್ವರೂಪ. ಕ್ಲೌಡ್ ಸೇವೆಯ ಬಳಕೆಯನ್ನು ಅಳೆಯುವಂತೆ ಇಲ್ಲಿ ಕಛೇರಿಯ ಕಾರ್ಯವನ್ನೇ ಅಳೆಯಲಾಗುತ್ತದೆ.

ಅರ್ಜಿದಾರರ ಗಮನಕ್ಕೆ

1. ಆಧಾರ್, ಪಹಣಿ, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕಗಳಲ್ಲಿ ಹೆಸರು ಒಂದೇ ರೀತಿಯಲ್ಲಿದೆಯೇ ಎಂದು ಅರ್ಜಿ ಸಲ್ಲಿಸುವ ಮೊದಲೇ ಪರಿಶೀಲಿಸುವುದು ಸೂಕ್ತ.

2. ತಪ್ಪು ಕಂಡುಬಂದಲ್ಲಿ ಅದನ್ನು ಮೂಲ ದಾಖಲೆಯನ್ನು ನಿರ್ವಹಿಸುವ ಕಛೇರಿಯಲ್ಲಿಯೇ ತಿದ್ದಿಸಬೇಕು. ಪಹಣಿಯ ತಿದ್ದುಪಡಿಗೆ ಕಂದಾಯ ಇಲಾಖೆ, ಆಧಾರ್ ತಿದ್ದುಪಡಿಗೆ ಆಧಾರ್ ಕೇಂದ್ರ. ಸಹಾಯಧನವನ್ನು ನೀಡುವ ಇಲಾಖೆಯಲ್ಲಿ ಇದನ್ನು ತಿದ್ದಲು ಬರುವುದಿಲ್ಲ.

3. ಪಹಣಿಯು ಮೃತರ ಹೆಸರಿನಲ್ಲಿದ್ದಲ್ಲಿ ವಾರಸುದಾರರು ಪೌತಿ ಖಾತೆ ಬದಲಾವಣೆಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಬೆಳೆ ಹಾನಿಯಾದ ನಂತರ ಅಥವಾ ಖರೀದಿ ಕೇಂದ್ರ ತೆರೆದ ನಂತರ ಆರಂಭಿಸಿದರೆ ತಡವಾಗಬಹುದು.

4. ಎಫ್‌ಐಡಿ ಪಡೆದಿರುವ ರೈತರು ತಮ್ಮ ಎಲ್ಲ ಸರ್ವೆ ನಂಬರುಗಳು, ಬೇರೆ ತಾಲ್ಲೂಕಿನಲ್ಲಿರುವ ಜಮೀನೂ ಸೇರಿದಂತೆ, ಅದರಲ್ಲಿ ಸೇರಿವೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು.

5. ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಆರ್.ಡಿ. ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು. ಮುದ್ರಿತ ಪ್ರತಿಯು ಕಳೆದುಹೋದರೂ ಈ ಸಂಖ್ಯೆಯು ಉಪಯೋಗಕ್ಕೆ ಬರುತ್ತದೆ.

6. ಡಿಜಿಲಾಕರ್ ವ್ಯವಸ್ಥೆಯಲ್ಲಿ ಸಂಬಂಧಪಟ್ಟ ಪ್ರಾಧಿಕಾರವೇ ನೀಡಿದ ದಾಖಲೆಗಳು ನಿಯಮಗಳ ಪ್ರಕಾರ ಮೂಲ ದಾಖಲೆಗೆ ಸಮಾನ. ಅರ್ಜಿದಾರರು ತಾವೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗಳಿಗೆ ಈ ಮಾನ್ಯತೆ ಇರುವುದಿಲ್ಲ.

7. ಮೊಬೈಲ್‌ಗೆ ಬರುವ ಒಟಿಪಿ ಸಂಖ್ಯೆಯು ಅರ್ಜಿದಾರರ ಒಪ್ಪಿಗೆಯ ಗುರುತು. ಯಾವ ಸೇವೆಗಾಗಿ ಎಂಬುದು ತಿಳಿಯದೆ ಅದನ್ನು ಯಾರಿಗೂ ಹೇಳಬಾರದು.

8. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿಯನ್ನು ಪಡೆದು, ಅದರಲ್ಲಿನ ಸಂಖ್ಯೆ ಮತ್ತು ವಿಲೇವಾರಿಯ ದಿನಾಂಕವನ್ನು ಗಮನಿಸಬೇಕು. ಕಾಲಮಿತಿ ಮೀರಿದಲ್ಲಿ ಸಕಾಲ ಅಧಿನಿಯಮದಡಿ ಸಕ್ಷಮ ಅಧಿಕಾರಿಗೆ, ನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮೊರೆ ಹೋಗಲು ಅವಕಾಶವಿದೆ.

ಸಾರಾಂಶ

ಬಾಡಿಗೆಯ ಸರ್ವರ್‌ನಲ್ಲಿ ಇರಿಸಿದ ಮಾತ್ರಕ್ಕೆ ಯಾವ ತಂತ್ರಾಂಶವೂ ವೇದಿಕೆಯಾಗುವುದಿಲ್ಲ. ಇತರರು ಅದರ ಮೇಲೆ ಕಟ್ಟುವಂತಿರಬೇಕು, ಬೇಡಿಕೆಗೆ ತಕ್ಕಂತೆ ಹಿಗ್ಗಬೇಕು, ಬಿಟ್ಟು ಹೋಗುವವರಿಗೆ ದಾರಿ ನೀಡಬೇಕು. ಸಾರ್ವಜನಿಕ ಸೇವೆಯಲ್ಲಿ ಇದನ್ನು ಅರಿಯಲು ತಾಂತ್ರಿಕ ಜ್ಞಾನವು ಬೇಕಾಗಿಲ್ಲ. ಸರ್ಕಾರದ ಒಂದು ಕಛೇರಿಯಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಇನ್ನೊಂದು ಕಛೇರಿಯು ನಾಗರಿಕರಿಂದ ಮತ್ತೆ ಕೇಳದಿದ್ದರೆ ಅಲ್ಲಿ ವೇದಿಕೆ ಇದೆ ಎಂದು ತಿಳಿಯಬಹುದು. ಮತ್ತೆ ಕೇಳುತ್ತಿದ್ದರೆ ಆ ಕೆಲಸ ಇನ್ನೂ ಬಾಕಿ ಇದೆ ಎಂದರ್ಥ.

ಸೇವೆಗಳಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಮೀಪದ ನಾಡಕಚೇರಿ, ಗ್ರಾಮ ಒನ್ ಕೇಂದ್ರ ಅಥವಾ ಸಂಬಂಧಪಟ್ಟ ತಾಲ್ಲೂಕು ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.